ಎರಡೂ ಸಮುದ್ರ ಒಂದೇ ಮಟ್ಟದಲ್ಲಿದ್ದರೂ ಪನಾಮಾದಲ್ಲಿ ಹಡಗು ಮೆಟ್ಟಿಲು ಹತ್ತುವುದು ಯಾಕೆ?

ಪ್ರಶ್ನೆ: ಸಮುದ್ರ ಎಲ್ಲ ಕಡೆ ಒಂದೇ ಮಟ್ಟದಲ್ಲಿ ಇರುತ್ತೆ ಅಲ್ವಾ? ಹಾಗಿದ್ದ ಮೇಲೆ ಪನಾಮಾ ಕಾಲುವೆಯಲ್ಲಿ ಹಡಗನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಿಸಿ, ಆಮೇಲೆ ಮತ್ತೆ ಇಳಿಸೋದು ಯಾಕೆ? ಸೂಯೆಜ್ ಕಾಲುವೆ ಥರ ಸುಮ್ನೆ ನೇರವಾಗಿ ಅಗೆದುಬಿಡಬಹುದಿತ್ತಲ್ಲ?

ಉತ್ತರ: ಕಾಲುವೆಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳಿದವರು ಸಂಕೋಚಪಡಬೇಕಾಗಿಲ್ಲ. ನೇರವಾಗಿ ಅಗೆದುಬಿಡೋಣ ಎಂದು ಒಂದು ಕಾಲದಲ್ಲಿ ಯುರೋಪಿನ ದೊಡ್ಡ ದೊಡ್ಡವರೇ ಸೇರಿ ತೀರ್ಮಾನ ಮಾಡಿದ್ದರು. ಎಂಟು ವರ್ಷ ಅಗೆದರು. ಸುಮಾರು 22,000 ಜನ ಸತ್ತರು. ಕಾಲುವೆ ಮಾತ್ರ ಆಗಲಿಲ್ಲ.

ಮೊದಲು ಒಂದು ಅನುಮಾನ ಬಗೆಹರಿಸಿಬಿಡೋಣ. ಪೆಸಿಫಿಕ್ ಸಾಗರ ಎತ್ತರದಲ್ಲಿದೆ, ಅಟ್ಲಾಂಟಿಕ್ ತಗ್ಗಿನಲ್ಲಿದೆ, ಅದಕ್ಕೇ ಲಾಕ್‌ಗಳನ್ನು, ಅಂದರೆ ನೀರು ತುಂಬಿಸಿ ಇಳಿಸಿ ಹಡಗನ್ನು ಎತ್ತಿಳಿಸುವ ಬಾಗಿಲಿನ ತೊಟ್ಟಿಗಳನ್ನು, ಕಟ್ಟಿದ್ದಾರೆ ಎಂದು ತುಂಬ ಜನ ತಿಳಿದಿದ್ದಾರೆ. ಪನಾಮಾದ ಹತ್ತಿರ ಎರಡರ ಸರಾಸರಿ ಮಟ್ಟದಲ್ಲಿ ಇರುವ ವ್ಯತ್ಯಾಸ ಹೆಚ್ಚುಕಮ್ಮಿ ಒಂದು ಗೇಣು, ಅಂದರೆ 20 ಸೆಂಟಿಮೀಟರ್ ಅಷ್ಟೆ. ಉಬ್ಬರವಿಳಿತದಲ್ಲಿ ವ್ಯತ್ಯಾಸ ಜಾಸ್ತಿ ಇದೆ, ನಿಜ. ಪೆಸಿಫಿಕ್ ಕಡೆ ನೀರು ಆರು ಮೀಟರಿನವರೆಗೂ ಏರಿಳಿಯುತ್ತದೆ, ಕೆರಿಬಿಯನ್ ಕಡೆ ಅರ್ಧ ಮೀಟರಿನ ಆಸುಪಾಸು. ಆದರೆ ಹಡಗನ್ನು 26 ಮೀಟರ್ ಮೇಲಕ್ಕೆ ಹತ್ತಿಸುವುದಕ್ಕೆ ಇದ್ಯಾವುದೂ ಕಾರಣವಲ್ಲ. ಅಡ್ಡ ನಿಂತ ಒಂದು ಗುಡ್ಡ, ಅಡ್ಡ ಹರಿಯುವ ಒಂದು ಹೊಳೆ. ಇವೆರಡೇ ಕಾರಣ. ಗುಡ್ಡದ ಹೆಸರು ಕುಲೆಬ್ರಾ, ಹೊಳೆಯ ಹೆಸರು ಚಾಗ್ರೆಸ್.

ಸೂಯೆಜ್‌ನಲ್ಲಿ ಇವೆರಡೂ ಇರಲಿಲ್ಲ. ಅಲ್ಲಿದ್ದದ್ದು ಮರಳು, ಸಮತಟ್ಟು ನೆಲ, ದಾರಿಯಲ್ಲೇ ಸಿಗುವ ಒಣಗಿದ ಉಪ್ಪಿನ ತಗ್ಗುಗಳು. ಮಳೆಯಂತೂ ಇಲ್ಲವೇ ಇಲ್ಲ. 1859ರಲ್ಲಿ ಶುರುವಾದ ಆ ಕೆಲಸವೂ ಸುಲಭದ್ದಾಗಿರಲಿಲ್ಲ. ಈಜಿಪ್ಟಿನ ರೈತರನ್ನು ಬಿಟ್ಟಿ ದುಡಿಮೆಗೆ ಎಳೆತಂದು ಅಗೆಸಿದ ನೋವಿನ ಕಥೆ ಅದು. ಆದರೂ ಹತ್ತು ವರ್ಷಕ್ಕೆ ಮುಗಿಯಿತು. 1869ರ ನವೆಂಬರ್ 17ರಂದು ಕಾಲುವೆ ತೆರೆಯಿತು. ಅದನ್ನು ಮಾಡಿಸಿದ ಫರ್ಡಿನಾಂಡ್ ದ ಲೆಸೆಪ್ಸ್ ಫ್ರಾನ್ಸಿನ ಮನೆಮಾತಾದರು. ಅವರು ಎಂಜಿನಿಯರ್ ಆಗಿರಲಿಲ್ಲ, ರಾಜತಾಂತ್ರಿಕರಾಗಿದ್ದವರು. ದುಡ್ಡು ಕೂಡಿಸುವುದು, ಜನರನ್ನು ಒಪ್ಪಿಸುವುದು, ಹಿಡಿದ ಹಟ ಬಿಡದಿರುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

1879ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ಸಭೆ ಸೇರಿತು. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಎಲ್ಲಿ, ಹೇಗೆ ಸೇರಿಸುವುದು ಎಂಬುದೇ ಚರ್ಚೆ. ಆಗ 73 ವರ್ಷದವರಾಗಿದ್ದ ಲೆಸೆಪ್ಸ್ ಸೂಯೆಜ್ ಮಾದರಿಯಲ್ಲೇ ಆಗಬೇಕು ಎಂದರು. ಸಮುದ್ರ ಮಟ್ಟಕ್ಕೇ ಅಗೆಯಬೇಕು, ಲಾಕ್ ಬೇಡ. ಆ ಸಭೆಯಲ್ಲಿ ಗೋದಾಂ ದ ಲೆಪಿನೇ ಎಂಬ ಎಂಜಿನಿಯರ್ ಎದ್ದು ಬೇರೆಯೇ ಮಾತು ಹೇಳಿದರು. ಬಿಸಿಲು ನಾಡಿನ ಕಾಡುಗಳಲ್ಲಿ ಕೆಲಸ ಮಾಡಿ ಅನುಭವ ಇದ್ದವರು ಅವರು. ಚಾಗ್ರೆಸ್ ಹೊಳೆಗೆ ಸಮುದ್ರದ ಹತ್ತಿರವೇ ಒಡ್ಡು ಹಾಕಿ, ನೀರು ನಿಲ್ಲಿಸಿ ದೊಡ್ಡ ಕೆರೆ ಮಾಡಿ, ಹಡಗನ್ನು ಆ ಕೆರೆಗೆ ಹತ್ತಿಸಿ, ಆಚೆ ಕಡೆ ಇಳಿಸಿ. ಇದು ಅವರ ಸಲಹೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇವತ್ತು ಪನಾಮಾದಲ್ಲಿ ಇರುವುದು ಹೆಚ್ಚುಕಮ್ಮಿ ಅವರು ಅಂದು ಹೇಳಿದ ಕಾಲುವೆಯೇ! ಆ ಒಂದು ಮಾತನ್ನು ಕೇಳಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ ಎಂದು ಈ ಇತಿಹಾಸ ಓದುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಸಭೆ ಮುಗಿದ ಮೇಲೆ, ಡಿಸೆಂಬರ್ ಕೊನೆಗೆ, ಲೆಸೆಪ್ಸ್ ಪನಾಮಾ ನೋಡಲು ಹೋದರು. ಅದು ಅಲ್ಲಿ ಒಣಗಾಲ ಶುರುವಾಗುವ ಹೊತ್ತು. ಆಕಾಶ ತಿಳಿಯಾಗಿತ್ತು, ಹೊಳೆ ಮೆತ್ತಗೆ ಹರಿಯುತ್ತಿತ್ತು. ಮಳೆಗಾಲದಲ್ಲಿ ಆ ಜಾಗ ಹೇಗಿರುತ್ತದೆ ಎಂಬುದು ಅವರ ಕಣ್ಣಿಗೆ ಬೀಳಲೇ ಇಲ್ಲ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರಿಬಿಯನ್ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಚಾಗ್ರೆಸ್ ಚಿಕ್ಕ ಹೊಳೆಯೇ, ಆದರೆ ಗುಡ್ಡದ ಮೇಲೆ ಮಳೆ ಹೊಯ್ದರೆ ಒಂದೇ ದಿನದಲ್ಲಿ ಹಲವು ಮೀಟರ್ ಏರಿಬಿಡುತ್ತದೆ. ಕಾಲುವೆಯ ದಾರಿಯನ್ನು ಆ ಹೊಳೆ ಒಂದು ಸಲವಲ್ಲ, ಮತ್ತೆ ಮತ್ತೆ ದಾಟುತ್ತದೆ. ಈಗ ಯೋಚಿಸಿ. ಹೊಳೆ ಹರಿಯುವುದು ಸಮುದ್ರ ಮಟ್ಟಕ್ಕಿಂತ ಎತ್ತರದಲ್ಲಿ. ನೀವು ಅಗೆಯುತ್ತಿರುವುದು ಸಮುದ್ರ ಮಟ್ಟಕ್ಕಿಂತ ಒಂಬತ್ತು ಮೀಟರ್ ಕೆಳಗಿನವರೆಗೆ. ಪ್ರವಾಹ ಬಂದಾಗ ಆ ಹೊಳೆ ಎಲ್ಲಿಗೆ ಹೋಗಬೇಕು? ಜಲಪಾತದ ಹಾಗೆ ನಿಮ್ಮ ಕಾಲುವೆಯೊಳಗೇ ಬೀಳಬೇಕು. ಇದಕ್ಕೆ ಫ್ರೆಂಚರ ಹತ್ತಿರ ಕೊನೆಯವರೆಗೂ ಗಟ್ಟಿಯಾದ ಪರಿಹಾರ ಇರಲಿಲ್ಲ.

ಗುಡ್ಡದ ಪಾಡು ಇನ್ನೊಂದು. ಕುಲೆಬ್ರಾದಲ್ಲಿ ತೀರಾ ತಗ್ಗಿನ ಜಾಗವೇ ಸಮುದ್ರದಿಂದ 64 ಮೀಟರ್ ಮೇಲಿತ್ತು. ಬರೀ ಗಟ್ಟಿ ಕಲ್ಲಾಗಿದ್ದರೆ ನೇರ ಗೋಡೆ ಕಡಿಯಬಹುದಿತ್ತು. ಆದರೆ ಅಲ್ಲಿದ್ದದ್ದು ಮೆತ್ತನೆಯ ಜೇಡಿಮಣ್ಣು, ಅದರ ಕೆಳಗೆ ಓರೆಯಾಗಿ ಮಲಗಿದ ಪದರಗಳು. ಮಳೆ ನೀರು ಇಳಿದರೆ ಮೇಲಿನ ಪದರ ಜಾರಿ ಕೆಳಗೆ ಬರುತ್ತದೆ. ನಮ್ಮ ಘಾಟಿ ರಸ್ತೆಗಳಲ್ಲಿ ಗುಡ್ಡ ಕಡಿದ ಮರುವರ್ಷ ಧರೆ ಕುಸಿಯುತ್ತದಲ್ಲ, ಹಾಗೆಯೇ. ಕುಸಿಯಬಾರದು ಎಂದರೆ ಇಳಿಜಾರನ್ನು ಇನ್ನೂ ಅಗಲ ಮಾಡಬೇಕು. ಆಳ ಒಂದು ಮೀಟರ್ ಜಾಸ್ತಿಯಾದರೆ ಮೇಲಿನ ಬಾಯಿ ಎಷ್ಟೋ ಮೀಟರ್ ಅಗಲವಾಗಬೇಕು. ಸೂಯೆಜ್‌ನಲ್ಲಿ ಕಲಿತ ಲೆಕ್ಕ ಇಲ್ಲಿ ಕೈಕೊಟ್ಟದ್ದು ಹೀಗೆ. ಅಗೆದಷ್ಟೂ ಅಗೆಯಬೇಕಾದ್ದು ಜಾಸ್ತಿಯಾಗುತ್ತಾ ಹೋಯಿತು.

ಇದೆಲ್ಲದರ ಮೇಲೆ ಜ್ವರ. 1881ರಲ್ಲಿ ಫ್ರೆಂಚರ ಕೆಲಸ ಶುರುವಾದಾಗ ಮಲೇರಿಯಾ, ಹಳದಿ ಜ್ವರ ಹರಡುವುದು ಸೊಳ್ಳೆಯಿಂದ ಎಂದು ಅವರಿಗೆ ಗೊತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ಬರುತ್ತದೆ ಎಂದೇ ನಂಬಿದ್ದರು. ಅಂಕೋನ್ ಗುಡ್ಡದ ಮೇಲೆ ಅವರು ಒಳ್ಳೆಯ ಆಸ್ಪತ್ರೆ ಕಟ್ಟಿದರು. ಇರುವೆ ಹತ್ತಬಾರದೆಂದು ರೋಗಿಗಳ ಮಂಚದ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು ಇಟ್ಟರು. ನಮ್ಮ ಮನೆಗಳಲ್ಲಿ ಸಿಹಿ ತಿಂಡಿಯ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿ ಇಡುತ್ತಾರಲ್ಲ, ಅದೇ ಉಪಾಯ. ತೋಟದ ಗಿಡಗಳ ಬುಡಕ್ಕೂ ನೀರು ತುಂಬಿದ ಮಣ್ಣಿನ ಬಳೆಗಳನ್ನು ಸುತ್ತಿದರು. ಕಿಟಕಿಗೆ ಜಾಲರಿ ಇರಲಿಲ್ಲ. ಆ ಬಟ್ಟಲುಗಳ ನೀರಿನಲ್ಲೇ ಸೊಳ್ಳೆ ಮರಿ ಮಾಡಿತು. ಒಂದು ಮಂಚದ ಜ್ವರದವನನ್ನು ಕಚ್ಚಿ, ಪಕ್ಕದ ಮಂಚದಲ್ಲಿ ಕಾಲು ಮುರಿದು ಮಲಗಿದ್ದವನನ್ನೂ ಕಚ್ಚಿತು. ಅಕ್ಕರೆಯಿಂದ ಕಟ್ಟಿದ ಆಸ್ಪತ್ರೆಯೇ ಜ್ವರದ ಗೂಡಾಯಿತು.

1883ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಬಂದ ಜೂಲ್ ಡಿಂಗ್ಲರ್ ಮನೆಯವರನ್ನೂ ಕರೆದುಕೊಂಡು ಬಂದರು. ಎರಡು ವರ್ಷ ತುಂಬುವಷ್ಟರಲ್ಲಿ ಮಗಳು ಹೋದಳು, ಮಗ ಹೋದ, ಮಗಳಿಗೆ ನಿಶ್ಚಯವಾಗಿದ್ದ ಹುಡುಗ ಹೋದ, ಕೊನೆಗೆ ಹೆಂಡತಿಯೂ ಹೋದರು. ಮುಖ್ಯ ಎಂಜಿನಿಯರ್ ಮನೆಯದೇ ಈ ಪಾಡಾದರೆ ಜೋಪಡಿಗಳಲ್ಲಿದ್ದ ಜಮೈಕಾದ ಕೂಲಿಗಳ ಗತಿ ಏನು? ಸತ್ತವರಲ್ಲಿ ಬಹಳ ಮಂದಿ ಅವರೇ.

ಕೊನೆಕೊನೆಗೆ ಲೆಸೆಪ್ಸ್ ಮಣಿದರು. 1887ರಲ್ಲಿ ಲಾಕ್ ಕಟ್ಟಲು ಒಪ್ಪಿ, ಐಫೆಲ್ ಗೋಪುರ ಕಟ್ಟುತ್ತಿದ್ದ ಗುಸ್ತಾವ್ ಐಫೆಲ್ ಅವರಿಗೇ ಆ ಕೆಲಸ ವಹಿಸಿದರು. ಆ ಹೊತ್ತಿಗೆ ಕಾಲ ಮೀರಿತ್ತು. 1889ರಲ್ಲಿ ಲೆಸೆಪ್ಸ್ ಅವರ ಕಾಲುವೆ ಕಂಪನಿ ಮುಳುಗಿತು. ಕೂಡಿಟ್ಟ ದುಡ್ಡನ್ನು ಷೇರಿಗೆ ಹಾಕಿದ್ದ ಸುಮಾರು 8 ಲಕ್ಷ ಸಾಮಾನ್ಯ ಫ್ರೆಂಚರು ಕಳೆದುಕೊಂಡರು. ಲಂಚದ ಹಗರಣ ಹೊರಬಿತ್ತು, ಮೊಕದ್ದಮೆಗಳು ನಡೆದವು. ಲೆಸೆಪ್ಸ್ 1894ರಲ್ಲಿ ತೀರಿಕೊಂಡರು.

ಅಮೆರಿಕ ಬಂದದ್ದು ಆಮೇಲೆ. ರಾಜಕೀಯದ ಭಾಗ ಬೇಗ ಹೇಳಿಬಿಡುತ್ತೇನೆ. ಪನಾಮಾ ಆಗ ಕೊಲಂಬಿಯಾದ ಒಂದು ಪ್ರಾಂತ. ಅಮೆರಿಕದ ಜೊತೆಗಿನ ಕಾಲುವೆ ಒಪ್ಪಂದಕ್ಕೆ ಕೊಲಂಬಿಯಾದ ಸಂಸತ್ತು ಒಪ್ಪಲಿಲ್ಲ. 1903ರ ನವೆಂಬರ್ 3ರಂದು ಪನಾಮಾ ಸ್ವಾತಂತ್ರ್ಯ ಸಾರಿತು, ಅಮೆರಿಕದ ಯುದ್ಧನೌಕೆ ಅದರ ಬೆನ್ನಿಗೆ ನಿಂತಿತ್ತು. ಎರಡೇ ವಾರದಲ್ಲಿ ಹೊಸ ಒಪ್ಪಂದವಾಯಿತು. ಅದಕ್ಕೆ ಪನಾಮಾ ಪರವಾಗಿ ಸಹಿ ಹಾಕಿದ್ದು ಫಿಲಿಪ್ ಬ್ಯೂನೋ-ವರಿಯಾ ಎಂಬ ಫ್ರೆಂಚ್ ಎಂಜಿನಿಯರ್, ಪನಾಮಾದವರಲ್ಲ! ಈ ಗಾಯ ಆ ದೇಶದಲ್ಲಿ ಬಹಳ ಕಾಲ ಮಾಯಲಿಲ್ಲ. ಫ್ರೆಂಚರ ಯಂತ್ರ, ಕಟ್ಟಡ, ಅಗೆದ ಗುಂಡಿ ಎಲ್ಲವನ್ನೂ 4 ಕೋಟಿ ಡಾಲರ್ ಕೊಟ್ಟು ಕೊಂಡು, 1904ರ ಮೇ ತಿಂಗಳಲ್ಲಿ ಅಮೆರಿಕದವರು ಕೆಲಸಕ್ಕೆ ಇಳಿದರು.

ಇಳಿದ ಮೊದಲ ವರ್ಷ ಇವರೂ ಎಡವಿದರು. ಜ್ವರಕ್ಕೆ ಹೆದರಿ ಜನ ಹಡಗು ಹತ್ತಿ ಓಡತೊಡಗಿದರು. ಮೊದಲ ಮುಖ್ಯ ಎಂಜಿನಿಯರ್ ಒಂದೇ ವರ್ಷಕ್ಕೆ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದವರು ಜಾನ್ ಸ್ಟೀವನ್ಸ್, ರೈಲು ಹಾಕಿ ಪಳಗಿದ ಮನುಷ್ಯ. 1905ರ ಜುಲೈಯಲ್ಲಿ ಬಂದವರೇ ಅಗೆಯುವುದನ್ನು ನಿಲ್ಲಿಸಿದರು. ಮೊದಲು ಮನೆ, ಊಟ, ಕುಡಿಯುವ ನೀರು, ಚರಂಡಿ, ಗಟ್ಟಿ ರೈಲು ಹಳಿ. ಆಮೇಲೆ ಅಗೆತ. ಆರೋಗ್ಯದ ಹೊಣೆ ಹೊತ್ತಿದ್ದ ಡಾಕ್ಟರ್ ವಿಲಿಯಂ ಗೋರ್ಗಸ್ ಕೇಳಿದ್ದನ್ನೆಲ್ಲ ಕೊಟ್ಟರು.

ಗೋರ್ಗಸ್ ಕೈಯಲ್ಲಿ ಫ್ರೆಂಚರ ಹತ್ತಿರ ಇಲ್ಲದ ಒಂದು ಅರಿವು ಇತ್ತು. ಕ್ಯೂಬಾದ ಕಾರ್ಲೋಸ್ ಫಿನ್ಲೆ ಹಳದಿ ಜ್ವರಕ್ಕೆ ಸೊಳ್ಳೆ ಕಾರಣ ಎಂದು 1881ರಲ್ಲೇ ಹೇಳಿದ್ದರು, 1900ರಲ್ಲಿ ಅದು ಸಾಬೀತಾಗಿತ್ತು. ಮಲೇರಿಯಾದ ಗುಟ್ಟನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಬಿಡಿಸಿದ್ದರು. ಇಲ್ಲಿ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವು ಮರಿ ಮಾಡುತ್ತಿರುವುದನ್ನು ನೋಡಿ ತೊಟ್ಟಿ ಮಗುಚಿದರು, ಕಾಟ ಕಡಿಮೆಯಾಯಿತು. ಜ್ವರಕ್ಕೂ ಸೊಳ್ಳೆಗೂ ಸಂಬಂಧ ಇದೆ ಎಂದು ಅವರಿಗೆ ಆಗ ತಿಳಿದಿರಲಿಲ್ಲ. ನಿಂತ ನೀರು ಹೋದರೆ ಸೊಳ್ಳೆಯೂ ಹೋಗುತ್ತದೆ ಎಂಬುದು ಮಾತ್ರ ಕಣ್ಣಿಗೆ ಕಂಡಿತ್ತು. ಇಪ್ಪತ್ತು ವರ್ಷದ ನಂತರ ಪನಾಮಾದಲ್ಲಿ ಗೋರ್ಗಸ್ ಊರೂರಿಗೇ ಮಾಡಿದ್ದು ಇದನ್ನೇ. ನಲ್ಲಿ ನೀರು ಕೊಟ್ಟು ಮನೆಮನೆಯ ಹಂಡೆ ತೊಟ್ಟಿ ಖಾಲಿ ಮಾಡಿಸಿದರು, ಹೊಂಡಗಳಿಗೆ ಎಣ್ಣೆ ಸುರಿಸಿದರು, ಕಿಟಕಿಗಳಿಗೆ ಜಾಲರಿ ಹಾಕಿಸಿದರು, ಮನೆಗಳಿಗೆ ಹೊಗೆ ಹಾಕಿಸಿದರು. 1905ರ ನವೆಂಬರ್ ನಂತರ ಪನಾಮಾ ನಗರದಲ್ಲಿ ಹಳದಿ ಜ್ವರಕ್ಕೆ ಯಾರೂ ಸಾಯಲಿಲ್ಲ. ಮಲೇರಿಯಾ ಅಷ್ಟು ಬೇಗ ಬಗ್ಗಲಿಲ್ಲ. 1906ರಲ್ಲಿ 26,000 ಕೆಲಸಗಾರರಲ್ಲಿ 21,000 ಮಂದಿ ಒಂದಲ್ಲ ಒಂದು ಹೊತ್ತಿನಲ್ಲಿ ಮಲೇರಿಯಾದಿಂದ ಆಸ್ಪತ್ರೆ ಸೇರಿದ್ದರು. 1912ರಲ್ಲಿ ಕೆಲಸಗಾರರು 50,000 ಆದರು, ಆಸ್ಪತ್ರೆ ಸೇರಿದವರು 5,600ಕ್ಕೆ ಇಳಿದರು.

ಇನ್ನು ನಿಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬರೋಣ. ಫ್ರೆಂಚರ ಕಥೆ ಕಣ್ಣೆದುರು ಇದ್ದರೂ ಅಮೆರಿಕ ನೇಮಿಸಿದ ಅಂತರರಾಷ್ಟ್ರೀಯ ಎಂಜಿನಿಯರುಗಳ ಮಂಡಳಿ 1905ರಲ್ಲಿ ಮತ್ತೆ ಸಮುದ್ರ ಮಟ್ಟದ ಕಾಲುವೆಯೇ ಸರಿ ಎಂದಿತು. ಎಂಟು ಮತ ಆ ಕಡೆ, ಐದು ಈ ಕಡೆ. ಸ್ಟೀವನ್ಸ್ ಒಪ್ಪಲಿಲ್ಲ. ಅವರು ಚಾಗ್ರೆಸ್ ಉಕ್ಕಿ ಬಂದದ್ದನ್ನು ಕಣ್ಣಾರೆ ನೋಡಿದ್ದರು. ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರಿಗೆ ಹೇಳಿದರು, ಸಂಸತ್ತಿನವರಿಗೆ ಹೇಳಿದರು. 1906ರ ಜೂನ್‌ನಲ್ಲಿ ಸೆನೆಟ್‌ನಲ್ಲಿ ಮತಕ್ಕೆ ಹಾಕಿದಾಗ ಲಾಕ್ ಕಾಲುವೆಗೆ 36, ಸಮುದ್ರ ಮಟ್ಟಕ್ಕೆ 31. ಐದೇ ಮತದ ಅಂತರ! ಮೂವರು ಆಚೆ ಹೊರಳಿದ್ದರೆ ಮತ್ತೊಮ್ಮೆ ಅದೇ ಗುಂಡಿಗೆ ಬೀಳುತ್ತಿದ್ದರು.

ಲಾಕ್ ಕಾಲುವೆಯನ್ನು ನಾವು ಕನ್ನಡದವರು ಕೆರೆಯ ಮಾತಿನಲ್ಲೇ ಚೆನ್ನಾಗಿ ಅರ್ಥಮಾಡಿಕೊಳ್ಳಬಹುದು. ಗಾಟೂನ್ ಎಂಬಲ್ಲಿ ಚಾಗ್ರೆಸ್ ಹೊಳೆಗೆ ಅಡ್ಡವಾಗಿ ಮಣ್ಣಿನ ಏರಿ ಹಾಕಿದರು. ಉದ್ದ ಎರಡು ಕಿಲೋಮೀಟರಿಗೂ ಜಾಸ್ತಿ, ಬುಡದ ದಪ್ಪವೇ ಸುಮಾರು 800 ಮೀಟರ್. ಮಧ್ಯದಲ್ಲಿ ಹೆಚ್ಚಿನ ನೀರು ಹೋಗಲು ಕಾಂಕ್ರೀಟಿನ ಕೋಡಿ. ಹಿಂದೆ 425 ಚದರ ಕಿಲೋಮೀಟರ್ ಕೆರೆ ನಿಂತಿತು. ಆಗ ಮನುಷ್ಯ ಮಾಡಿದ ಕೆರೆಗಳಲ್ಲಿ ಜಗತ್ತಿನಲ್ಲೇ ದೊಡ್ಡದು. ಫ್ರೆಂಚರನ್ನು ಮುಳುಗಿಸಿದ ಹೊಳೆಯೇ ಹಡಗು ತೇಲಿಸುವ ನೀರಾಯಿತು. ಪ್ರವಾಹ ಬಂದರೆ ಕೆರೆ ಸ್ವಲ್ಪ ತುಂಬುತ್ತದೆ, ಕೋಡಿ ಬೀಳುತ್ತದೆ, ಅಷ್ಟೆ. ಗುಡ್ಡದ ಕಷ್ಟವೂ ಇಳಿಯಿತು. ಕೆರೆಯ ನೀರು 26 ಮೀಟರ್ ಎತ್ತರದಲ್ಲಿ ನಿಂತದ್ದರಿಂದ ಕುಲೆಬ್ರಾ ಗುಡ್ಡದಲ್ಲಿ ಕಡಿಯುವ ಕಣಿವೆಯ ತಳವನ್ನು ಸಮುದ್ರಕ್ಕಿಂತ 12 ಮೀಟರ್ ಮೇಲೆಯೇ ನಿಲ್ಲಿಸಿದರೆ ಸಾಕಿತ್ತು. ಫ್ರೆಂಚರ ಲೆಕ್ಕಕ್ಕಿಂತ 20 ಮೀಟರಿಗೂ ಜಾಸ್ತಿ ಅಗೆತ ಉಳಿಯಿತು.

ಹಾಗಾಗಿ ಪನಾಮಾ ಕಾಲುವೆಯ ದೊಡ್ಡ ಭಾಗ ಕಾಲುವೆಯೇ ಅಲ್ಲ. ಸುಮಾರು 80 ಕಿಲೋಮೀಟರ್ ದಾರಿಯಲ್ಲಿ ಹಡಗು ಬಹುಪಾಲು ಹೋಗುವುದು ಸಿಹಿನೀರಿನ ಕೆರೆಯ ಮೇಲೆ. ಲಾಕ್‌ಗಳು ಆ ಕೆರೆಗೆ ಹತ್ತುವ, ಇಳಿಯುವ ಮೆಟ್ಟಿಲು. ಗಾಟೂನ್‌ನಲ್ಲಿ ಮೂರು ಮೆಟ್ಟಿಲು ಹತ್ತಬೇಕು, ಆಚೆ ಪೆದ್ರೊ ಮಿಗೆಲ್‌ನಲ್ಲಿ ಒಂದು, ಮಿರಾಫ್ಲೋರೆಸ್‌ನಲ್ಲಿ ಎರಡು ಇಳಿಯಬೇಕು.

ಒಂದು ಮೆಟ್ಟಿಲು ಹತ್ತುವುದನ್ನು ಹತ್ತಿರದಿಂದ ನೋಡೋಣ. 305 ಮೀಟರ್ ಉದ್ದ, 33.5 ಮೀಟರ್ ಅಗಲದ ಕಾಂಕ್ರೀಟ್ ತೊಟ್ಟಿ. ಹಡಗು ಒಳಗೆ ಬರುತ್ತದೆ. ಎರಡೂ ದಡದ ಹಳಿಗಳ ಮೇಲೆ ವಿದ್ಯುತ್ ಎಂಜಿನ್‌ಗಳು ಉಕ್ಕಿನ ಹಗ್ಗ ಬಿಗಿಹಿಡಿದು ಹಡಗು ಗೋಡೆಗೆ ತಾಗದಂತೆ ಜೊತೆಗೇ ನಡೆಯುತ್ತವೆ. ಅವಕ್ಕೆ ಅಲ್ಲಿ ಹೇಸರಗತ್ತೆ ಎಂದೇ ಹೆಸರು. ಹಿಂದಿನ ಬಾಗಿಲು ಮುಚ್ಚುತ್ತದೆ. ಎರಡು ಮೀಟರ್ ದಪ್ಪದ ಉಕ್ಕಿನ ಬಾಗಿಲು, ಆದರೆ ಒಳಗೆ ಟೊಳ್ಳು. ನೀರಿನಲ್ಲಿ ಅರೆಬರೆ ತೇಲುವುದರಿಂದ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗಿಲ್ಲ. ಮೊದಲು ಹಾಕಿದ್ದ ಮೋಟರ್ ಚಿಕ್ಕದೇ, ನಮ್ಮ ತೋಟಗಳ ಕೆಲವು ಬೋರ್‌ವೆಲ್ ಮೋಟರ್ ಸೇರಿಸಿದಷ್ಟು. ಬಾಗಿಲು ಮುಚ್ಚಿದ ಮೇಲೆ ತೂಬು ಎತ್ತುತ್ತಾರೆ. ಗೋಡೆಯೊಳಗೆ ರೈಲು ಹೋಗುವಷ್ಟು ದೊಡ್ಡ ಸುರಂಗ, ಅದರಿಂದ ನೆಲದಡಿಗೆ ಕವಲು, ನೆಲದಲ್ಲಿ ಸುಮಾರು ನೂರು ತೂತು. ಮೇಲಿನ ನೀರು ಅಲ್ಲಿಂದ ಉಕ್ಕುತ್ತದೆ. ಎಂಟು ಹತ್ತು ನಿಮಿಷದಲ್ಲಿ ಹತ್ತಾರು ಸಾವಿರ ಟನ್ನಿನ ಹಡಗು ಅಲುಗದೆ ಮೇಲೆ ಬಂದು ನಿಂತಿರುತ್ತದೆ. ಪಂಪ್ ಇಲ್ಲ. ಕೆರೆಯ ನೀರು ತಗ್ಗಿಗೆ ಹರಿಯುವುದರಿಂದಲೇ ಎಲ್ಲ ನಡೆಯುತ್ತದೆ.

ಅಗೆತ ಉಳಿಯಿತು ಎಂದೆನಲ್ಲ, ಉಳಿದ ಮೇಲೂ ಕುಲೆಬ್ರಾ ಜನರ ಸತ್ವ ಹೀರಿತು. 1907ರಲ್ಲಿ ಸ್ಟೀವನ್ಸ್ ಬಿಟ್ಟುಹೋಗಿ ಸೇನೆಯ ಎಂಜಿನಿಯರ್ ಜಾರ್ಜ್ ಗೋಥಾಲ್ಸ್ ಬಂದರು. ಆ ವರ್ಷವೇ ಕುಕರಾಚಾ ಎಂಬಲ್ಲಿ ಗುಡ್ಡ ಜಾರಿ ಹಳಿ, ಯಂತ್ರ ಎಲ್ಲ ಹೂತುಹೋಯಿತು. ತಿಂಗಳುಗಟ್ಟಲೆ ಅಗೆದದ್ದು ಒಂದು ರಾತ್ರಿಗೆ ತುಂಬಿಕೊಳ್ಳುತ್ತಿತ್ತು. ಇಕ್ಕೆಲದ ಭಾರಕ್ಕೆ ಕಣಿವೆಯ ನೆಲವೇ ಉಬ್ಬಿ ಮೇಲೆ ಬರುತ್ತಿತ್ತು. ಸುಮಾರು 14 ಕಿಲೋಮೀಟರಿನ ಆ ಕಣಿವೆಯಲ್ಲಿ ಕಲ್ಲಿಗೆ ತೂತು ಕೊರೆಯುವುದು, ಡೈನಮೈಟ್ ತುಂಬುವುದು, ಸಿಡಿಸುವುದು, ಉಗಿ ಯಂತ್ರದಿಂದ ಬಾಚಿ ರೈಲಿಗೆ ತುಂಬುವುದು ವರ್ಷಗಟ್ಟಲೆ ನಡೆಯಿತು. ಆ ಮಣ್ಣಿನಲ್ಲಿ ಸ್ವಲ್ಪ ಗಾಟೂನ್ ಏರಿಗೆ ಹೋಯಿತು. ಸ್ವಲ್ಪವನ್ನು ಪೆಸಿಫಿಕ್‌ಗೆ ಸುರಿದು ದ್ವೀಪಗಳಿಗೆ ದಾರಿ ಮಾಡಿದರು. ಈಗ ಪನಾಮಾ ನಗರದ ಜನ ಸಂಜೆ ವಾಕಿಂಗ್ ಹೋಗುವ ಅಮಾಡೋರ್ ದಾರಿ ಅದೇ.

ಡೈನಮೈಟ್ ತುಂಬಿದವರು, ಹಳಿ ಎತ್ತಿಟ್ಟವರು ಹೆಚ್ಚಾಗಿ ಬಾರ್ಬಡೋಸ್ ಮುಂತಾದ ಕೆರಿಬಿಯನ್ ದ್ವೀಪಗಳ ಕಪ್ಪು ಜನ. ಗಂಟೆಗೆ 10 ಸೆಂಟ್ ಕೂಲಿ. ಸಂಬಳಕ್ಕೆ ಎರಡು ಪಟ್ಟಿ. ಬಿಳಿ ಅಮೆರಿಕನ್ನರ ಹೆಸರು ಚಿನ್ನದ ಪಟ್ಟಿಯಲ್ಲಿ, ಇವರ ಹೆಸರು ಬೆಳ್ಳಿಯ ಪಟ್ಟಿಯಲ್ಲಿ. ಮನೆ ಬೇರೆ, ಊಟದ ಜಾಗ ಬೇರೆ, ಅಂಚೆ ಕಚೇರಿಯ ಕಿಟಕಿಯೂ ಬೇರೆ. 1908ರ ಡಿಸೆಂಬರ್ 12ರಂದು ಬಾಸ್ ಒಬಿಸ್ಪೊದಲ್ಲಿ ತುಂಬಿಟ್ಟ ಡೈನಮೈಟ್ ಹೊತ್ತಿಗೆ ಮುಂಚೆ ಸಿಡಿದು 23 ಜನ ಸತ್ತರು. ಅಮೆರಿಕದ ಹತ್ತು ವರ್ಷದಲ್ಲಿ ದಾಖಲಾದ ಸಾವು 5,609. ಅದರಲ್ಲಿ ಸುಮಾರು 4,500 ಕೆರಿಬಿಯನ್ ದ್ವೀಪಗಳವರು. ಕಾಲುವೆ ಕಟ್ಟಿದ್ದು ಯಾರು ಎಂದು ಕೇಳಿದರೆ ನಾನು ಮೊದಲು ಹೇಳುವುದು ಇವರನ್ನೇ.

1913ರ ಅಕ್ಟೋಬರ್ 10ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ವಾಷಿಂಗ್ಟನ್‌ನಲ್ಲಿ ಒಂದು ಗುಂಡಿ ಒತ್ತಿದರು. ತಂತಿಯಲ್ಲಿ ಹೋದ ಸಂಕೇತಕ್ಕೆ, ಕೆರೆಯ ನೀರು ಕುಲೆಬ್ರಾ ಕಣಿವೆಗೆ ನುಗ್ಗದಂತೆ ತಡೆದಿದ್ದ ಗಂಬೋವಾದ ಕೊನೆಯ ಒಡ್ಡು ಸಿಡಿಯಿತು. ಮರುವರ್ಷ ಆಗಸ್ಟ್ 15ರಂದು ಅಂಕೋನ್ ಎಂಬ ಹಡಗು ಕಾಲುವೆ ದಾಟಿತು. ಮೊದಲ ಮಹಾಯುದ್ಧ ಆಗಷ್ಟೇ ಶುರುವಾಗಿತ್ತು, ಆ ಸುದ್ದಿ ಪತ್ರಿಕೆಗಳ ಒಳಪುಟಕ್ಕೆ ಹೋಯಿತು. ಕಾಲುವೆ ಪನಾಮಾದ ಕೈಗೆ ಬಂದದ್ದು 1999ರ ಡಿಸೆಂಬರ್ 31ಕ್ಕೆ. 2016ರಲ್ಲಿ ಇನ್ನೂ ದೊಡ್ಡ ಹಡಗುಗಳಿಗೆ ಹೊಸ ಲಾಕ್‌ಗಳು ತೆರೆದವು.

ಕೆರೆ ಎಂದ ಮೇಲೆ ಮಳೆಯ ಮಾತು ಬರಲೇಬೇಕು. ಹಳೆಯ ಲಾಕ್‌ಗಳಲ್ಲಿ ಒಂದು ಹಡಗು ಈ ಸಮುದ್ರದಿಂದ ಆ ಸಮುದ್ರಕ್ಕೆ ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರ ಸೇರುತ್ತದೆ. ಹೊಸ ಲಾಕ್‌ಗಳ ಪಕ್ಕದ ತೊಟ್ಟಿಗಳಲ್ಲಿ ನೀರನ್ನು ಹಿಡಿದಿಟ್ಟು ಶೇ 60ರಷ್ಟನ್ನು ಮತ್ತೆ ಬಳಸುತ್ತಾರೆ. ಪನಾಮಾ ನಗರ ಕುಡಿಯುವುದೂ ಇದೇ ಚಾಗ್ರೆಸ್ ಹೊಳೆಯ ನೀರನ್ನು. 2023ರಲ್ಲಿ ಮಳೆ ಕೈಕೊಟ್ಟಿತು, ಕೆರೆ ಇಳಿಯಿತು. ದಿನಕ್ಕೆ 36ರ ಆಸುಪಾಸು ದಾಟುತ್ತಿದ್ದ ಹಡಗುಗಳು ಡಿಸೆಂಬರ್ ಹೊತ್ತಿಗೆ 22ಕ್ಕೆ ಇಳಿದವು. ಎರಡೂ ಸಮುದ್ರದಲ್ಲಿ ಹಡಗುಗಳು ಸಾಲುಗಟ್ಟಿ ಲಂಗರು ಹಾಕಿ ನಿಂತವು.

ಈಗ ಇಂಡಿಯೊ ಎಂಬ ಪಕ್ಕದ ಹೊಳೆಗೆ ಒಡ್ಡು ಕಟ್ಟಿ ಆ ನೀರನ್ನೂ ಗಾಟೂನ್ ಕೆರೆಗೆ ತರುವ ಯೋಜನೆ ಇದೆ. ಹಾಗೆ ಮಾಡಿದರೆ ಆ ಕಣಿವೆಯ ಹಳ್ಳಿಗಳು ಮುಳುಗುತ್ತವೆ. ಗಾಟೂನ್ ಕೆರೆ ತುಂಬಿದಾಗಲೂ ಚಾಗ್ರೆಸ್ ದಡದ ಊರುಗಳು ಹಾಗೆಯೇ ಮುಳುಗಿದ್ದವು. ಜನ ಗಂಟುಮೂಟೆ ಕಟ್ಟಿಕೊಂಡು ಹೊರಟಿದ್ದರು. ಈ ಸಲ ಇಂಡಿಯೊ ಕಣಿವೆಯ ರೈತರು ದೋಣಿ ಹತ್ತಿ ಹೊಳೆಯ ಮೇಲೆಯೇ ಪ್ರತಿಭಟನೆ ಮಾಡುತ್ತಿದ್ದಾರೆ.